ಪುಡಿ

ಮೂರು ಹದಿನಾಲ್ಕಕ್ಕೆ ಪಶ್ಚಿಮದಲ್ಲಿ, ಎಂದು
ಯೂಸ್ಟ್ ಚೀಟಿ ಅಂಟಿಸಿ ಹೋಗಿದ್ದಾನೆ,
ಮೊಟ್ಟೆ ಲೆಕ್ಕದ ಕೆಳಗೆ.
ಮೊದಲ ಒಬ್ಬೆ ಒಲೆಯಲ್ಲಿ, ಎರಡನೆಯದು ಉಬ್ಬುತ್ತಿದೆ.
ಕೈಗೆ ಕೊಂಚ ಬಿಡುವು.

ಹಿತ್ತಿಲ ಬಾಗಿಲಾಚೆ ಗೆಂಟ್ ಊರೇ ಮಲಗಿದೆ.
ಲೇಯ ನದಿಯ ಮೇಲೆ ದೋಣಿಮನೆಯೊಂದರ ದೀಪ.
ಖಾಲಿ ಹಿಟ್ಟಿನ ಚೀಲಗಳ ಮೇಲೆ ಬೆನ್ನು ಚಾಚಿದ್ದೇನೆ,
ಎದೆಯ ಮೇಲೆ ಕ್ಯಾಮೆರಾ:
ತಂಗಿಯ ಮದುವೆಗೆಂದು ಕೊಂಡ ಸಾದಾ ಕ್ಯಾಮೆರಾ,
ಎಳೆದರೆ ಮೂತಿ ಚಾಚುವ ಜೂಮ್ ಲೆನ್ಸ್.
ಗುರುಗ್ರಹದ ಮೇಲೆ ಫೋಕಸ್ ನಿಲ್ಲಿಸಿ
ಬ್ರೆಡ್ ಚೀಲದ ಟೇಪು ಸುತ್ತಿಟ್ಟಿದ್ದೇನೆ.
ಆದರೂ ಹಿಟ್ಟಿನ ಧೂಳು ಹೊಕ್ಕು ಜೂಮಿನ ಉಂಗುರ
ಕರಕರ ಅನ್ನುತ್ತದೆ, ಹಲ್ಲಿಗೆ ಸಿಕ್ಕ ಮರಳಿನ ಹಾಗೆ.

ಬಂತು.
ಸದ್ದಿಲ್ಲ. ಮಿಣುಕುವುದಿಲ್ಲ.
ಬೆಳಗಿನ ಪಾಳಿಗೆ ಹೊರಟವರ ನಡಿಗೆ.
ಸೆಕೆಂಡನ್ನು ಸಾವಿರ ಹೋಳು ಮಾಡಿ
ಒಂದೊಂದೇ ಹೋಳು ಕೊಯ್ಯುತ್ತದೆ ಷಟರ್.
ಮೂವತ್ತೊಂದು ವರ್ಷ ಒಲೆಗೆ ಸಲಿಕೆ ತಳ್ಳಿದ ತೋಳು,
ನಡುಗುವುದಿಲ್ಲ.
ಉಸಿರು ಬಿಗಿಹಿಡಿದದ್ದು ತಿಳಿದದ್ದು
ಅದು ನೆತ್ತಿ ದಾಟಿ
ಮೂಡಲ ಚಿಮಣಿಗಳ ಹಿಂದೆ ಇಳಿದ ಮೇಲೆ.

ಇನ್ನೂರ ಹನ್ನೊಂದು ಚಿತ್ರ.
ಹಿಗ್ಗಿಸಿ ನೋಡಿದರೆ ಬಹುಪಾಲು
ಅಕ್ಕಿಕಾಳು, ಹುಳ, ಬಾಲ ಎಳೆದ ಬೆಳಕು.
ಒಂದರಲ್ಲಿ ಮಾತ್ರ
ನಡುವೆ ಬಿಳಿ, ಅಕ್ಕಪಕ್ಕ ಕಿತ್ತಳೆ ಬಣ್ಣದ ರೆಕ್ಕೆ.
ಅಡ್ಡಕ್ಕೆ ಎಣಿಸಿದೆ: ಇಪ್ಪತ್ತು ಚೌಕ.
ಇಪ್ಪತ್ತೇ.

ಅಷ್ಟರೊಳಗೆ ಏಳು ಜನ.
ಗೋಡೆಗೆ ಕಟ್ಟಿದ ಚೀಲದಲ್ಲಿ ಯಾರೋ ಮಲಗಿರಬಹುದು,
ಯಾರೋ ಕಳೆದ ಕಾಲುಚೀಲ ಹುಡುಕುತ್ತಿರಬಹುದು.
ಯೂಸ್ಟ್ ಹೇಳಿದ್ದ: ಅಲ್ಲಿಗೆ ಬ್ರೆಡ್ ಒಯ್ಯುವುದಿಲ್ಲ.
ಪುಡಿ ಕೆಳಗೆ ಬೀಳಬೇಕಲ್ಲ?
ತೇಲಿ ತೇಲಿ ಕಣ್ಣಿಗೆ, ಯಂತ್ರದ ಮೂಗಿಗೆ ಹೋಗುತ್ತದೆ.
ತೆಳ್ಳನೆ ರೊಟ್ಟಿ ಸುತ್ತಿ ತಿನ್ನುತ್ತಾರಂತೆ.
ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆಂದು ತಿಳಿಯದೆ.
ಯುದ್ಧ ಕಂಡಿದ್ದ ನಮ್ಮಪ್ಪ
ಬೆರಳು ಒದ್ದೆ ಮಾಡಿ, ಮೇಜಿನ ಮೇಲಿನ ಪುಡಿ ಒತ್ತಿ
ಒಂದೊಂದೇ ಎತ್ತಿ ಬಾಯಿಗಿಡುತ್ತಿದ್ದ, ಮಾತಾಡದೆ.

ಕತ್ತಲೆಯ ಮೇಲಿನ ಈ ಪುಡಿಯನ್ನೂ
ಹಾಗೇ ಎತ್ತಿಕೊಂಡೆನೋ ಏನೋ. ತೆರೆಯ ಮೇಲೆ
ನನ್ನ ಹೆಬ್ಬೆರಳಿನ ಹಿಟ್ಟಿನ ಗುರುತು ಅದಕ್ಕಿಂತ ದೊಡ್ಡದು.
ಒರೆಸಿದೆ. ಮತ್ತೆ ನೋಡಿದೆ. ಮತ್ತೊಮ್ಮೆ.

ಆಗ ವಾಸನೆ ಬಂತು.

ಐದೂವರೆಗೆ ಬಂದ ಟ್ರಾಮ್ ಚಾಲಕಿ ಲುಟ್ಗಾರ್ಟ್
ಬ್ರೆಡ್ಡು ತಿರುವಿ, ತಳ ಬಡಿದು, ಕಿವಿಗೆ ಹಿಡಿದು ಕೇಳಿದಳು:
ಯಾಕೆ ಇವತ್ತು ಇಷ್ಟು ಕಪ್ಪು?

ರಾತ್ರಿ ಮೋಡ ಇರಲಿಲ್ಲ, ಅಂದೆ.
ಚಿಲ್ಲರೆ ಎಣಿಸಿ ಕೊಟ್ಟೆ.