ಅರವತ್ತು ರಿಪು

ಬಂದರಿನ ಪುತ್ತುಬಾವನ ಮರದ ಡಿಪೋದಿಂದ
ಬಂದ ಚೀಟಿಯಲ್ಲಿ ಎರಡನೆಯ ಸಾಲು:
ರಿಪು – ೬೦.

ಮೂವತ್ತೊಂದು ವರ್ಷ ಕರಡು ತಿದ್ದಿದ ಕೈ ನನ್ನದು,
ಕನ್ನಡಕಕ್ಕಿಂತ ಮೊದಲು ಕೆಂಪು ಪೆನ್ನು ಹುಡುಕಿತು.
ಗುಡಿಸು ಇದೆ, ಅದರ ದೀರ್ಘ ಇಲ್ಲ,
ಅಷ್ಟಕ್ಕೇ ಮರದ ಪಟ್ಟಿ ಹೋಗಿ ಶತ್ರುವಾಯಿತು.
ಆರನ್ನು ಗೆಲ್ಲುವುದಕ್ಕೇ ಋಷಿಗಳು ಕಾಡು ಸೇರಿದರು;
ಬೋಳಾರದ ಈ ಒಂದೂವರೆ ಕೋಣೆಗೆ
ಅರವತ್ತು, ಸಾಗಾಟದ ಖರ್ಚು ಬೇರೆ.

ಬೊನಿಫಾಸ್ ಏಣಿಯ ಮೇಲೆ ನಕ್ಕ,
ನಾಲ್ಕು ಮೊಳೆ ಹಲ್ಲಲ್ಲಿ ಕಚ್ಚಿಕೊಂಡೇ:
‘ಅದು ನಿಮ್ಮ ಪುಸ್ತಕದ ಶಬ್ದ ಅಲ್ಲ ಅಕ್ಕ,
ಹಡಗಲ್ಲಿ ಬಂದದ್ದು. ಪೋರ್ಚುಗೀಸರದ್ದು.
ರಿಪ ಅಂತಲೋ ಏನೋ, ನಮ್ಮ ಅಜ್ಜ ಹೇಳ್ತಿದ್ರು.
ನನ್ನ ಹೆಸರೂ ಅದೇ ಹಡಗಿನದ್ದು.’

ಹಾಗಾದರೆ ಬರುವಾಗ ಅದು ಹ್ರಸ್ವವೇ.
ಇಲ್ಲಿಯ ಬಾಯಿ ಎಳೆದು ಉದ್ದ ಮಾಡಿತು,
ಬೆಂಚಿಗೆ, ಬಸ್ಸಿಗೆ ಅಂಟಿಸಿದ ಹಾಗೆ
ಕೊನೆಗೊಂದು ಉಕಾರ ಅಂಟಿಸಿತು.
ಪುತ್ತುಬಾವ ತಪ್ಪಿ ತಪ್ಪಿ
ಮೂಲದ ಹತ್ತಿರ ಹೋಗಿ ನಿಂತಿದ್ದಾನೆ.
ಪೆನ್ನಿಗೆ ಮುಚ್ಚಳ ಹಾಕಿದೆ.

ನಾನು ಗದಗಿನವಳು. ನಮ್ಮಲ್ಲಿ ಮಣ್ಣಿನ ಮಾಳಿಗೆ,
ರೀಪಿನ ಹಂಗಿಲ್ಲ, ಮೇಲೆ ಮೆಣಸಿನಕಾಯಿ ಒಣಗುತ್ತವೆ.
ಈ ಊರಿಗೆ ಬಂದ ಹೊಸತರಲ್ಲಿ
ಯಾರೋ ಮಾಡಿನ ಮೇಲಿಂದ ‘ಓಡು! ಓಡು!’ ಎಂದು ಕೂಗಿದರು.
ಚಪ್ಪಲಿ ಬಿಟ್ಟು ಓಡಿದೆ, ಬಾವಿಕಟ್ಟೆಯವರೆಗೂ.
ತುಳುವಿನಲ್ಲಿ ಓಡು ಎಂದರೆ ಹಂಚು.
ಅದು ಬಂದು ಬಿದ್ದದ್ದು
ನನ್ನ ಚಪ್ಪಲಿಗಳ ಮೇಲೆಯೇ.
ಅರ್ಥವಾಗಿದ್ದರೆ ಅಲ್ಲೇ ನಿಂತಿರುತ್ತಿದ್ದೆ.

ಬೊನಿಫಾಸನ ಹತ್ತಿರ ಟೇಪು ಇಲ್ಲ,
ಒಂದು ಗೇಣಿಗಿಂತ ಚೂರು ಉದ್ದದ ಕಡ್ಡಿ,
ಅದನ್ನೇ ಇಟ್ಟು, ಮೊಳೆ ಹೊಡೆದು, ಮತ್ತೆ ಇಟ್ಟು.
ಹಂಚಿನ ಬೆನ್ನಿಗೆ ಎರಡು ಹಲ್ಲಿರುತ್ತವೆ;
ಅವು ರೀಪನ್ನು ಕಚ್ಚಿ ಹಿಡಿಯಬೇಕು,
ಇಲ್ಲವಾದರೆ ಇಡೀ ಸಾಲು ಜಾರಿ ನೇತ್ರಾವತಿಗೆ,
ಹೀಗೆಂದು ಅವನು, ನದಿ ಅರ್ಧ ಮೈಲಿ ಆಚೆಗಿದ್ದರೂ.

ಇವತ್ತು ಹಂಚು ಹೊದೆಸಿ ಮುಗಿದಿಲ್ಲ.
ಚಾಪೆ ಹಾಕಿ ಕೆಳಗೆ ಮಲಗಿದ್ದೇನೆ.
ಮೇಲೆ ಗೆರೆ ಎಳೆದ ಖಾಲಿ ಪುಸ್ತಕ,
ಎರಡು ರೀಪಿನ ನಡುವೆ ಒಂದು ಸಾಲಿನಷ್ಟು ಆಕಾಶ,
ಅಲ್ಲಲ್ಲಿ ಚುಕ್ಕಿ, ಪೂರ್ಣವಿರಾಮವೋ ಅಚ್ಚಿನ ಮಸಿಯೋ.
ಅಭ್ಯಾಸಬಲ, ಎಣಿಸಿದೆ.
ಐವತ್ತೆಂಟು.
ಇನ್ನೆರಡು ಶತ್ರು ಎಲ್ಲಿ ಎಂದು
ನಾಳೆ ಬೊನಿಫಾಸನನ್ನು ಕೇಳಬೇಕು.