ಒಂದು ಮೊಳ ಹಾಸು

ಗೂಡನ್ನು ದಿನಾ ಗುಡಿಸುವುದಿಲ್ಲ ಅಂದಾಗ
ಅತ್ತೆ ಮೂರು ದಿನ ಮೊಟ್ಟೆ ಮುಟ್ಟಲಿಲ್ಲ.

ಕೆಳಗೆ ನಾಲ್ಕು ಬೆರಳು ಭತ್ತದ ಹೊಟ್ಟು,
ನಡುವೆ ಕಾಸರಕೋಡಿನ ದಂಡೆಯಲ್ಲಿ ಬಾಚಿದ
ಗಾಳಿಮರದ ಸೂಜಿ,
ಮೇಲೆ, ಧಾಕು ಮೇಸ್ತರ ದೋಣಿಚಪ್ಪರದಿಂದ
ಚೀಲಕ್ಕೆ ಆರು ಮೊಟ್ಟೆ ಕೊಟ್ಟು ತಂದದ್ದು:
ಕೀಸುಳಿ ಉಗುಳಿದ ಮತ್ತಿಯ ಸುರುಳಿ.

ಹೇಂಟೆ ಹನ್ನೊಂದು, ಹುಂಜ ಒಂದು.
ಬೆಳಿಗ್ಗೆ ಒಂದು ಹಿಡಿ ನುಚ್ಚು ಎರಚಿ
ಮೀನುಪೇಟೆಗೆ ಹೋಗಿ ಬರುವಷ್ಟರಲ್ಲಿ
ಮೂಲೆ ಮೂಲೆ ಉತ್ತು ಮುಗಿಸಿರುತ್ತವೆ,
ಕೂಲಿ ಕೇಳದೆ, ಬೀಡಿಗೆ ನಿಲ್ಲದೆ.
ಹಿಕ್ಕೆ ಬಿದ್ದಲ್ಲೇ ಮರೆ.

ಕೈ ಇಟ್ಟು ನೋಡಿ, ಅಂದೆ ಅತ್ತೆಗೆ.
ಇಟ್ಟರು. ತೆಗೆದರು. ಮತ್ತೆ ಇಟ್ಟರು.
"ನೆಲಕ್ಕೆ ಜ್ವರ ಬಂದದೆ ಕಾಣ್ತದೆ."

ಆಷಾಢದಲ್ಲಿ ಹೆಂಚು ಜರುಗಿತು.
ಒಂದು ಮೂಲೆ ನೆಂದು ಹಲಗೆಯಾಯಿತು;
ಬಾಗಿಲು ತೆಗೆದರೆ ಕಣ್ಣಿಗೆ
ಹತ್ತು ಈರುಳ್ಳಿ ಒಟ್ಟಿಗೆ ಹೆಚ್ಚಿದ ಉರಿ.
ಬೇಲಿಯಾಚೆ ಫ್ಲೋರಿನ್‌ಬಾಯಿ ಮೂಗು ಮುಚ್ಚಿಯೇ
ಬಟ್ಟೆ ಒಣಹಾಕಿದಳು.
ಚಿಪ್ಪಿಸುಣ್ಣ ಹಾಕು ಎಂದರು ಯಾರೋ.
ಹಾಕಿದೆ. ಮಲಗಿದ್ದ ನಾತ ಎದ್ದು ಕೂತಿತು.
ಹುಂಜ ಕೂಗುವ ಹೊತ್ತಿಗೆ ಕೆಮ್ಮಿತು.

ಎಲ್ಲ ಬಳಿದು ಹೊಳೆಗೆ ಸುರಿಯಲು
ಬುಟ್ಟಿ ತಂದವಳನ್ನು ಅತ್ತೆಯೇ ತಡೆದರು:
"ಜ್ವರ ಬಂದವ್ರನ್ನ ಹೊಳೆಗೆ ಹಾಕ್ತಾರನೇ?
ಒಣಬಟ್ಟೆ ಬದಲಿಸ್ತಾರೆ."

ಒಣಗಿದ್ದು!
ಆ ತಿಂಗಳು ಊರಲ್ಲಿ ಬೆಂಕಿಕಡ್ಡಿಯೂ ಒಣಗಿರಲಿಲ್ಲ.
ಮೇಸ್ತರ ಅಟ್ಟದಲ್ಲಿ ಎರಡು ಚೀಲ ಇತ್ತು.
"ಕೊನೇದು," ಅಂದರು. "ಇನ್ನೆಲ್ಲ ಫೈಬರ್ ದೋಣಿ.
ಅದರ ಪುಡಿ ಕೋಳಿಗೂ ಬೇಡ, ಮಣ್ಣಿಗೂ ಬೇಡ."
ಮೊಟ್ಟೆ ತೆಗೆದುಕೊಳ್ಳಲಿಲ್ಲ.
ಚೀಲದ ಬಾಯಿ ಬಿಚ್ಚಿ ಒಮ್ಮೆ ಮೂಸಿ
ಮತ್ತೆ ಕಟ್ಟಿ ಕೊಟ್ಟರು.

ಹಾರೆಯಲ್ಲಿ ಹಲಗೆ ಒಡೆದೆ. ತಿರುವಿದೆ. ಬೆರೆಸಿದೆ.
ಮುಷ್ಟಿಯಲ್ಲಿ ಹಿಂಡಿದರೆ ನೀರು ಜಿನುಗಬಾರದು,
ಬಿಟ್ಟರೆ ಧೂಳಾಗಿ ಹಾರಲೂಬಾರದು;
ಅವಲಕ್ಕಿಗೆ ನೀರು ಚಿಮುಕಿಸಿದ ಹದ.
ಐದನೇ ದಿನ ಹುಂಜಕ್ಕೆ ಗಂಟಲು ಬಂತು.

ಶಿವರಾತ್ರಿ ಕಳೆದ ಮೇಲೆ ಅಗೆದೆ,
ಅಡಿಯದ್ದೊಂದಿಷ್ಟು ಹೆಪ್ಪಿಗೆ ಉಳಿಸಿ.
ಕಪ್ಪು. ಹಗುರ.
ಹೊಟ್ಟು ಯಾವುದು, ಹಿಕ್ಕೆ ಯಾವುದು,
ದೋಣಿ ಯಾವುದು ತಿಳಿಯಲಿಲ್ಲ.
ಜರಡಿಯಲ್ಲಿ ನಿಂತದ್ದು ಒಂದು ತಾಮ್ರದ ಮೊಳೆ,
ಹಸಿರುಗಟ್ಟಿ.

ಎರಡು ತಿಂಗಳು ಮಡಲು ಹೊದಿಸಿ ಮಲಗಿಸಿದ ರಾಶಿಯನ್ನು
ಮೊದಲು ಕೇಳಿ ಬಂದವಳು ಫ್ಲೋರಿನ್‌ಬಾಯಿ,
ಹರಿವೆಗೆ ಎರಡು ಬಕೆಟ್.
ಮೂಗು ಮುಚ್ಚಿರಲಿಲ್ಲ. ನಾನೂ ನೆನಪಿಸಲಿಲ್ಲ.

ಮೇಸ್ತರಿಗೆ ಒಂದು ಬುಟ್ಟಿ ನಾನೇ ಹೊತ್ತು ಹೋದೆ,
ಮೇಲೆ ಮೊಳೆ ಇಟ್ಟು.
ಅಂಗೈಯಲ್ಲಿ ಉರುಳಿಸಿ ನೋಡಿದರು.
"ಮುಂಗಡೆ ಹಲಗೆದು. ಡೊಂಕಾಯ್ತು ಅಂತ ಬಿಸಾಡಿದ್ದೆ."
ಮೊಳೆ ಕಿಸೆಗೆ ಹೋಯಿತು, ಗೊಬ್ಬರ ಬಸಳೆ ಬುಡಕ್ಕೆ.

ಹೊಸ ಹಾಸಿಗೆ ಏನು ತರಲಿ ಎಂದು
ದಂಡೆಯುದ್ದ ನೋಡುತ್ತ ನಡೆದಿದ್ದೇನೆ.
ಶೇಂಗಾ ಸಿಪ್ಪೆ ಆದೀತು ಅನ್ನುತ್ತಾರೆ ಅತ್ತೆ,
ಅಂಕೋಲೆಯ ತಂಗಿಗೆ ಆಗಲೇ
ಫೋನು ಮಾಡಿಯಾಗಿದೆಯಂತೆ.