ಇಲ್ಲ ಅನ್ನೋ ಗೇಟು

ಬೆಟಗೇರಿ ಟೈಪಿಂಗ್ ಕ್ಲಾಸಿನ ಮಾಳಿಗಿ ಮ್ಯಾಲೆ
ಹನ್ನೆರಡು ಟೈಪ್ ಮಶೀನು, ಒಂದು ಕಂಪ್ಯೂಟರ್.
ಅದಕ್ಕ ಹಳದಿ ಅರಿವಿಯ ಕುಲಾಯಿ.
ಚಪ್ಪಲಿ ಹೊರಗ, ತಾಸಿಗೆ ಆರು ರೂಪಾಯಿ.
ನನ್ನ ಹತ್ರ ಮೂರು, ನಾಗೂಸಾ ಬದ್ದಿ ಹತ್ರ ಮೂರು.
ಹಂಗಾಗಿ ನಾವು ಜೋಡಿ.
ಹುಡಿಗಿ ಬರತಾಳಂತ ಮಾಸ್ತರ
ಬಾಗಲಾ ತೆರದಿಡತಿದ್ರು. ಧೂಳು ಬರತಿತ್ತು.

ಆಟದೊಳಗ ನಾವು
ಊರ ಕೆಳಗಿನ ಊರಿಗೆ ಬಿದ್ದಿದ್ವಿ.
ಮ್ಯಾಲೆ ಒಯ್ಯಾಕ ಒಂದ ಡಬ್ಬಿ ರೋಬೋಟ್,
ನಾಕೂ ಮಗ್ಗಲಕ್ಕ ಗ್ವಾಡಿ ತಿಳಿಯೋ ಚರ್ಮ,
ಬುದ್ಧಿ ಮಾತ್ರ ಇಲ್ಲ.
ಬುದ್ಧಿ ನಾವು ಜೋಡಿಸಬೇಕು.
ಅದರ ಹೊಟ್ಟ್ಯಾಗ ಇಳದು ವಯರು ಎಳೀತಿದ್ವಿ:
ಇಬ್ಬರೂ ಹೌದಂದ್ರ ಮಾತ್ರ ಹೌದನ್ನೋ ಗೇಟು,
ಒಬ್ಬರು ಹೌದಂದ್ರೂ ಸಾಕನ್ನೋ ಗೇಟು,
ಆಮ್ಯಾಲೆ ಅಕಿ,
ತುದೀಗೆ ಮೂಗುತಿಯಂಥಾ ಸೊನ್ನಿ ಇಟಗೊಂಡಾಕಿ,
ಏನ ಕೊಟ್ರೂ ಉಲ್ಟಾ.
‘ನಮ್ಮ ತುಳಸಾ ಮಾವಶಿ’ ಅಂದ ನಾಗೂಸಾ.
ಅಕಿನ್ನ ಮೂಲ್ಯಾಗ ಇಟ್ಟು ಮರತ್ವಿ.

ರೋಬೋಟ್ ಹೋಗಿ ಮೂಲಿಗೆ ಬಡೀತು.
ಹಿಂದ ಬಂತು, ಮತ್ತ ಬಡೀತು.
ಹನ್ನೊಂದು ಶನಿವಾರ ಬಡೀತು.

ಹನ್ನೆರಡನೇದಕ್ಕ ರೊಕ್ಕ ಇರಲಿಲ್ಲ.
ಅವರ ಮನಿ ಮಗ್ಗದ ಮುಂದ ಶೇಂಗಾ ತಿನ್ನಕೋತ ಕೂತಿದ್ವಿ.
ಖಟ್ಟಂತ ನಿಂತಿತು ಒಂದು ಮಗ್ಗ. ಕರೆಂಟ್ ಇತ್ತು.
‘ಹೊಕ್ಕಿನ ಎಳಿ ಮುಗದದ’ ಅಂದ ಅವರಪ್ಪ, ತಲಿ ಎತ್ತದ.
ಸಣ್ಣ ಫೋರ್ಕು ತೋರಿಸಿದ:
ಎಳಿ ಇದ್ರ ಅದನ್ನ ಎತ್ತತದ, ಕೊಕ್ಕಿ ತಪ್ಪತದ.
ಎಳಿ ಇಲ್ಲ,
ಕೊಕ್ಕಿ ಹಿಡೀತದ.

ಹುಟ್ಟಿದಾಗಿಂದ ಆ ಸಪ್ಪಳದಾಗ ಮಲಗಿದಾಂವ
ಶೇಂಗಾ ಬುಟ್ಟಿ ಚೆಲ್ಲಿ ಎದ್ದ ನಿಂತ.
ಇಲ್ಲ ಅನ್ನೋದೂ ಒಂದು ಸುದ್ದಿ!
ಬಲಕ್ಕ ಗ್ವಾಡಿ ಇಲ್ಲಂದ್ರ ಬಲಕ್ಕ ಹೊರಳು.
ಅಷ್ಟ.

ಮಾವಶಿನ್ನ ನಡುವ ಕೂಡಿಸಿದ್ವಿ.
ರೋಬೋಟ್ ಗ್ವಾಡಿ ಸವರಕೋತ ಮೂಲಿ ದಾಟಿತು,
ಒಂದ ಸಂದಿ, ಎರಡ ಸಂದಿ, ಬಾಗಲಾ...
ಮ್ಯಾಲೆ ಹೋಗೇ ಬಿಡ್ತು.
ನಾವು ಒಳಗ ಕೂಡೋದ ಮರತಿದ್ವಿ.
ಕೆಳಗಿನ ಊರಾಗ ಇಬ್ಬರೂ ನಿಂತು
ಖಾಲಿ ಬಾಗಲಾ ನೋಡಿದ್ವಿ,
ಖರೇ ಹೇಳತೇನಿ, ಚಪ್ಪಾಳಿ ಹೊಡದ್ವಿ.
ಆಗ ಕರೆಂಟ್ ಹೋತು.
‘ಕತ್ತಲಾದ್ರೂ ತಾಸು ತಾಸೇ’ ಅಂದ್ರು ಮಾಸ್ತರ.

ಈಗ ನಾನು ಹುಬ್ಬಳ್ಳ್ಯಾಗ ಲಿಫ್ಟ್ ರಿಪೇರಿ ಮಾಡತೇನಿ.
‘ಮೆಕ್ಯಾನಿಕ್ ಎಲ್ಲಿ?’ ಅಂತ ವಾಚಮನ್
ನನ್ನನ್ನ ಕೇಳತಾನ.
ನಿನ್ನೆ ಕೇಶ್ವಾಪುರದ ದವಾಖಾನ್ಯಾಗ
ಹೊಂಡಕ್ಕ ಇಳದು ಗ್ರೀಸ್ ಒರಸತಿದ್ದೆ.
ಹೊರಗ ಬೋರ್ಡು ತೂಗಬಿಟ್ಟಿದ್ದೆ; ಬೋರ್ಡು ಯಾರು ಓದತಾರ?
ಮೂರನೇ ಮಜಲಿನಾಗ ಯಾರೋ ಅವಸರದಾಗ
ಗುಂಡಿ ಒತ್ತಿದ್ರು, ಒತ್ತಿದ್ರು, ಒತ್ತಿದ್ರು.
ತಲಿ ಮ್ಯಾಲೆ ಎಂಟ ನೂರು ಕಿಲೋ.
ಕೆಳಗಿನ ಬಾಗಲಾ ಮುಚ್ಚಿದ್ದಿಲ್ಲ.

ಪೆಟ್ಟಿಗ್ಯಾಗ ಒಂದು ಸಣ್ಣ ರಿಲೇ
ಟಿಕ್ ಅನ್ನಲಿಲ್ಲ.

ಮಾವಶಿ,
ಹಂಗ ಮೂಗ ಮುರಕೊಂಡ ಕೂಡು.
ಇನ್ನೊಂದ ಬೋಲ್ಟು ಉಳದದ.